ಹುಳಿಹಿಟ್ಟು, ಹಸಿಮಣ್ಣು, ಹೊಗೆಯಾಡುವ ಬತ್ತಿ

ಹೊಲದ ಹೂವುಗಳ ಬಗ್ಗೆ ಯೇಸು ಸ್ವಾಮಿ ಹೇಳಿದ ಮಾತನ್ನು (ಮತ್ತಾಯ 6:28) ನಾವು ಸಾಮಾನ್ಯವಾಗಿ "ನೋಡಿ" ಎಂದಷ್ಟೇ ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಕ್ರಿಯಾಪದ 'ಕಟಮಂಥಾನೋ'. ಗಮನವಿಟ್ಟು ಪೂರ್ತಿ ಕಲಿತುಕೊಳ್ಳುವುದು ಎಂದು ಅದರ ಅರ್ಥ. ಏನನ್ನು ಕಲಿಯಬೇಕೆಂಬುದೂ ಅದೇ ವಾಕ್ಯದಲ್ಲಿದೆ: ಅವು ಬೆಳೆಯುವ ರೀತಿಯನ್ನು. ಜ್ಞಾನೋಕ್ತಿ 24ರಲ್ಲಿ ಸೋಮಾರಿಯ ಹೊಲದ ಪಕ್ಕ ಹಾದುಹೋದವನು ಮಾಡಿದ್ದೂ ಇದನ್ನೇ. ಮೊದಲು ಮುಳ್ಳು, ಕಳೆ, ಕುಸಿದ ಕಲ್ಲುಗೋಡೆ ಇವನ್ನೆಲ್ಲ ನೋಡುತ್ತಾನೆ, ಆಮೇಲೆ ಅದರ ಮೇಲೆ ಮನಸ್ಸಿಡುತ್ತಾನೆ, ಬುದ್ಧಿ ಕಲಿಯುವುದು ಕೊನೆಗೆ (24:30-32).

ಈ ಮೂರರಲ್ಲಿ ನಡುವಿನ ಹೆಜ್ಜೆಯನ್ನು ನಾವು ಹಾರಿಬಿಡುತ್ತೇವೆ. ಮೇಣದಬತ್ತಿ ಕಂಡ ಕೂಡಲೇ "ನಾವೂ ಹೀಗೆ ಪರರಿಗಾಗಿ ಕರಗಬೇಕು" ಎನ್ನುತ್ತೇವೆ. ಅದನ್ನು ಹೇಳಲು ಮೇಣದಬತ್ತಿ ಹೇಗೆ ಉರಿಯುತ್ತದೆಂದು ಗೊತ್ತಿರಬೇಕಾಗಿಲ್ಲ, ಸತ್ಯವೇದ ತೆರೆಯಬೇಕಾಗಿಯೂ ಇಲ್ಲ. ನಮಗೆ ಮೊದಲೇ ಗೊತ್ತಿದ್ದ ಮಾತನ್ನು ವಸ್ತುವಿನ ಮೇಲೆ ಅಂಟಿಸಿದ್ದೇವೆ, ಅಷ್ಟೇ. ಹೊಸದೇನೂ ಕಲಿತಿಲ್ಲ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟಾಗ ಆ ಕೆಲಸ ಬಲ್ಲವರು ಏನು ಮಾಡುತ್ತಾರೆ ಎಂದು ತಿಳಿದ ಮೇಲೆ ವಚನಕ್ಕೆ ಹೋದರೆ, ಅದು ನಾವು ನಿರೀಕ್ಷಿಸದ ಕಡೆಯಿಂದ ಮಾತಾಡುತ್ತದೆ. ಹಿಟ್ಟಿನಿಂದಲೇ ಶುರು ಮಾಡೋಣ.

ಸುವಾರ್ತೆಯಲ್ಲಿ ಬರುವ ಹುಳಿಹಿಟ್ಟು ಈಗ ಪೊಟ್ಟಣದಲ್ಲಿ ಸಿಗುವ ಯೀಸ್ಟ್ ಅಲ್ಲ. ಹಿಂದಿನ ಸಲ ನಾದಿದ ಹಿಟ್ಟಿನಲ್ಲಿ ಎತ್ತಿಟ್ಟುಕೊಂಡ ಒಂದು ಮುದ್ದೆ ಅದು. ಅದರಲ್ಲಿ ಕಾಡು ಯೀಸ್ಟ್ ಮತ್ತು ಹುಳಿ ಮಾಡುವ ಬ್ಯಾಕ್ಟೀರಿಯ ಜೊತೆಯಾಗಿ ಬದುಕಿರುತ್ತವೆ. ಯೀಸ್ಟ್ ಹಿಟ್ಟಿನ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ನಾದಿದ ಗೋಧಿಹಿಟ್ಟಿನ ಜಿಗುಟು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟು ಉಬ್ಬುತ್ತದೆ. ಒಂದು ಕಿಲೋ ಗೋಧಿಹಿಟ್ಟಿಗೆ ಸುಮಾರು 200 ಗ್ರಾಂ ಹುಳಿಮುದ್ದೆ, 650 ಗ್ರಾಂ ನೀರು, 20 ಗ್ರಾಂ ಉಪ್ಪು ಹಾಕಿ ನಾದಿ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮುಚ್ಚಿಟ್ಟರೆ ಐದಾರು ಗಂಟೆಯಲ್ಲಿ ಚೆನ್ನಾಗಿ ಉಬ್ಬುತ್ತದೆ. ಚಳಿಯಿದ್ದರೆ ಅದರ ಎರಡರಷ್ಟು ಹೊತ್ತು ಬೇಕಾಗಬಹುದು. ಕಲಸುವ ನೀರು 60 ಡಿಗ್ರಿ ಬಿಸಿಯಿದ್ದರೆ ಯೀಸ್ಟ್ ಸತ್ತೇ ಹೋಗುತ್ತದೆ, ಆಮೇಲೆ ಎಷ್ಟು ಕಾದರೂ ಅಷ್ಟೇ.

ಮೊದಲ ಒಂದೆರಡು ಗಂಟೆ ಹೊರಗಿನಿಂದ ಏನೂ ಕಾಣುವುದಿಲ್ಲ. ಮುದ್ದೆ ಇಟ್ಟ ಹಾಗೇ ಇರುತ್ತದೆ. ಹದ ನೋಡಲು ಬೆರಳಿಗೆ ಸ್ವಲ್ಪ ಹಿಟ್ಟು ಮುಟ್ಟಿಸಿಕೊಂಡು ಮೆಲ್ಲಗೆ ಒತ್ತಬೇಕು. ಕುಳಿ ತಟ್ಟನೆ ಮೇಲೆದ್ದರೆ ಇನ್ನೂ ಹೊತ್ತಿದೆ. ನಿಧಾನವಾಗಿ, ಮುಕ್ಕಾಲು ಪಾಲು ಮಾತ್ರ ಮೇಲೆದ್ದರೆ ಒಲೆಗೆ ಹಾಕುವ ಹೊತ್ತು. ಕುಳಿ ಹಾಗೇ ಉಳಿದು ಹಿಟ್ಟು ಸಡಿಲವಾಗಿ ಹರಡಿಕೊಂಡರೆ ಹದ ಮೀರಿದೆ, ಜಿಗುಟು ಸತ್ವ ಕಳೆದುಕೊಂಡಿದೆ, ರೊಟ್ಟಿ ಚಪ್ಪಟೆಯಾಗುತ್ತದೆ.

ಈಗ ಮತ್ತಾಯ 13:33 ತೆರೆಯಿರಿ. ಪರಲೋಕರಾಜ್ಯವನ್ನು ಹೆಂಗಸೊಬ್ಬಳು ಹಿಟ್ಟಿಗೆ ಸೇರಿಸಿದ ಹುಳಿಗೆ ಹೋಲಿಸುವ ಯೇಸು ಸ್ವಾಮಿಯ ಸಾಮ್ಯ, ಅಂದರೆ ಹೋಲಿಕೆಯ ಕಥೆ, ಅಲ್ಲಿದೆ. ಆ ಹೆಂಗಸು ತೆಗೆದುಕೊಂಡ ಹಿಟ್ಟು ಮೂರು 'ಸೆಯಾ'. ಹೆಚ್ಚಿನ ವಿದ್ವಾಂಸರ ಲೆಕ್ಕಗಳು ಅದನ್ನು ಒಟ್ಟು 22ರಿಂದ 39 ಲೀಟರ್ ನಡುವೆ ಇಡುತ್ತವೆ. ಸಣ್ಣ ಅಂದಾಜನ್ನೇ ಹಿಡಿದರೂ ಹತ್ತು ಕಿಲೋ ದಾಟುತ್ತದೆ. ಒಂದು ಮನೆಯ ದಿನದ ರೊಟ್ಟಿಗೆ ಇಷ್ಟು ಹಿಟ್ಟನ್ನು ಯಾರೂ ನಾದುವುದಿಲ್ಲ. ಆದಿಕಾಂಡ 18:6ರಲ್ಲಿ ಡೇರೆಗೆ ಬಂದ ಮೂವರು ಅತಿಥಿಗಳಿಗಾಗಿ ಅಬ್ರಹಾಮನು ಸಾರಳಿಗೆ ನಾದಲು ಹೇಳಿದ್ದೂ ಇದೇ ಮೂರು ಸೆಯಾ. ಮೂರು ಸೆಯಾ ಸೇರಿದರೆ ಒಂದು ಏಫಾ. ಗಿದ್ಯೋನನು ದೇವದೂತನ ಮುಂದೆ ತಂದಿಟ್ಟ ಹಿಟ್ಟಿನ ಅಳತೆ (ನ್ಯಾಯಸ್ಥಾಪಕರು 6:19), ಹನ್ನಳು ಸಮುವೇಲನನ್ನು ಒಪ್ಪಿಸಲು ಹೋದಾಗ ಒಯ್ದ ಹಿಟ್ಟಿನ ಅಳತೆ (1 ಸಮುವೇಲ 1:24) ಎರಡೂ ಒಂದು ಏಫಾ. ಸಾಮ್ಯವನ್ನು ಕೇಳುತ್ತಿದ್ದವರಿಗೆ ಈ ಅಳತೆ ಕಿವಿಗೆ ಬಿದ್ದಾಗ ದೇವರ ಮುಂದೆ ಇಡುವ ಊಟ ನೆನಪಾಗಿರಬೇಕು ಎಂದು ನನಗನಿಸುತ್ತದೆ.

ಮೂಲದ ಕ್ರಿಯಾಪದ ಕಲಸುವುದಕ್ಕಿಂತ ಬೇರೆ ಮಾತು ಹೇಳುತ್ತದೆ: ಆಕೆ ಹುಳಿಯನ್ನು ಹಿಟ್ಟಿನೊಳಗೆ ಅಡಗಿಸಿಟ್ಟಳು. ಒಮ್ಮೆ ಒಳಗೆ ಸೇರಿದ ಹುಳಿಯನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ, ಹೊರಗಿನಿಂದ ಕಾಣಿಸುವುದೂ ಇಲ್ಲ. ವರ್ಷಗಟ್ಟಲೆ ಒಬ್ಬರಿಗಾಗಿ ಪ್ರಾರ್ಥಿಸುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದರೆ ಹಿಟ್ಟು ಬೇಗ ಉಬ್ಬುವುದಿಲ್ಲ, ಇದ್ದ ಕಾವೂ ಹೋಗುತ್ತದೆ. "ಈ ವಾರ ಸಭೆಗೆ ಬರುತ್ತೀಯಾ, ಬರುವುದಿಲ್ಲವಾ?" ಎಂದು ಮಗನನ್ನು ಪ್ರತಿ ಶನಿವಾರ ಕೇಳುವುದು ಮುಚ್ಚಳ ತೆಗೆಯುವುದೇ. ನಾವು ಮಾಡಬಹುದಾದ ಕೆಲಸ ಕಾವು ಕಾಯುವುದು: ಜೊತೆಗೆ ಕೂತು ಊಟ ಮಾಡುವುದು, ಅವನ ಮಾತು ಕೇಳುವುದು, ಹಂಗಿಸದಿರುವುದು. ಹದ ಬಂದಾಗ ಮಾತ್ರ ತಡ ಮಾಡಬಾರದು. ಅವನೇ ಒಂದು ದಿನ ಪ್ರಶ್ನೆ ಎತ್ತಿದರೆ ಅಂದೇ ಕೂತು ಉತ್ತರ ಹುಡುಕಬೇಕು.

ಆದರೆ ಇದೇ ಹುಳಿಯನ್ನು ಪೌಲನು ಕೆಟ್ಟದ್ದಕ್ಕೆ ಹೋಲಿಸುತ್ತಾನೆ. ಹಳೇ ಹುಳಿಯನ್ನು ತೆಗೆದುಹಾಕಿರಿ ಎನ್ನುತ್ತಾನೆ (1 ಕೊರಿಂಥ 5:6-8). ಕೆಲಸ ಗೊತ್ತಿಲ್ಲದಿದ್ದರೆ ಇದು ಗೊಂದಲ, ಗೊತ್ತಿದ್ದರೆ ಹಗಲಿನಷ್ಟು ಸ್ಪಷ್ಟ. ಹುಳಿಮುದ್ದೆ ಎಂದರೆ ಸರಪಳಿ. ನಿನ್ನೆಯ ಮುದ್ದೆ ಇಂದಿನ ಹಿಟ್ಟಿಗೆ, ಇಂದಿನದು ನಾಳೆಯದಕ್ಕೆ. ಕೆಟ್ಟ ಜೀವಿಗಳು ಒಮ್ಮೆ ನೆಲೆಯೂರಿದವೆಂದರೆ, ಗುಲಾಬಿ ಗೆರೆ ಅಥವಾ ಬೂಸ್ಟು ಕಂಡಿತೆಂದರೆ, ಮೇಲಿನದನ್ನು ಕೆರೆದು ಹೊಸ ಹಿಟ್ಟು ಸೇರಿಸಿ ಉಳಿಸಿಕೊಳ್ಳಲು ಹೋಗಬಾರದು. ಹಳೆಯದು ಹೊಸದನ್ನೂ ತಿನ್ನುತ್ತದೆ. ಪೂರ್ತಿ ಎಸೆದು, ಪಾತ್ರೆ ತೊಳೆದು, ಬರೀ ಹಿಟ್ಟು ನೀರಿನಿಂದ ಮತ್ತೆ ಶುರು ಮಾಡಬೇಕು. ಚಾಡಿಯ ಚಟವಿರುವವರು ಚಟ ಬಿಡದೆ ಪ್ರಾರ್ಥನಾ ಗುಂಪು ಸೇರಿದರೆ ಏನಾಗುತ್ತದೆಂದು ಹೆಚ್ಚಿನ ಸಭೆಗಳಿಗೆ ಗೊತ್ತು: ಚಾಡಿ ಪ್ರಾರ್ಥನೆಯ ಕೋರಿಕೆಯ ರೂಪ ತಾಳುತ್ತದೆ. "ಅವರ ಮನೆಗಾಗಿ ಪ್ರಾರ್ಥಿಸಿ, ಯಾಕೆಂದರೆ..." ಎಂದು ಶುರುವಾಗುತ್ತದೆ. ಹೊಸ ಹಿಟ್ಟನ್ನು ಹಳೇ ಹುಳಿ ತಿಂದ ಬಗೆ ಇದು.

ಹೊಸ ಹುಳಿ ಮಾಡುವವರು ಎಡವುವ ಜಾಗವೂ ಹೇಳಲೇಬೇಕಾದದ್ದು. 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಕಲಸಿ, ದಿನಾ ಅರ್ಧ ತೆಗೆದು ಅಷ್ಟೇ ಹೊಸದು ಸೇರಿಸುತ್ತಾ ಹೋದರೆ ಎರಡನೇ ಮೂರನೇ ದಿನಕ್ಕೇ ಭರ್ಜರಿಯಾಗಿ ಗುಳ್ಳೆ ಏಳುತ್ತವೆ. ನಾಲ್ಕನೇ ದಿನ ಎಲ್ಲ ಸ್ತಬ್ಧ. ಸತ್ತಿತೆಂದು ಬಹಳ ಜನ ಎಸೆಯುವುದು ಅಂದೇ. ನಿಜವಾಗಿ ಮೊದಲ ಗುಳ್ಳೆಗಳು ಬೇರೆ ಬ್ಯಾಕ್ಟೀರಿಯಗಳದ್ದು. ಹುಳಿ ಏರಿದಂತೆ ಅವು ಹಿಂದೆ ಸರಿಯುತ್ತವೆ, ಬೇಕಾದ ಯೀಸ್ಟ್ ಆಮೇಲೆ ನಿಧಾನವಾಗಿ ಬಲಿಯುತ್ತದೆ. ಸ್ತಬ್ಧವಾದ ದಿನಗಳಲ್ಲೂ ಹಿಟ್ಟು ನೀರು ಹಾಕುತ್ತಿದ್ದರೆ ಒಂದು ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ಹುಳಿ ಸಿದ್ಧ. ಹೊಸದಾಗಿ ಸತ್ಯವೇದ ಓದಲು ಶುರು ಮಾಡಿದವರಿಗೆ ಈ ನಾಲ್ಕನೇ ದಿನ ಬಂದೇ ಬರುತ್ತದೆ. ಮೊದಲಿನ ಉತ್ಸಾಹ ಇಳಿದಾಗ ವಿಶ್ವಾಸವೇ ಹೋಯಿತೆಂದುಕೊಳ್ಳಬೇಡಿ. ಅಂದೂ ಒಂದು ಅಧ್ಯಾಯ ಓದಿ.

ಒಂದೇ ಹುಳಿ ಎರಡು ದಿಕ್ಕಿನ ಪಾಠ ಹೇಳಿದ್ದನ್ನು ಗಮನಿಸಿದಿರಲ್ಲ? ಸತ್ಯವೇದ ವಸ್ತುಗಳಿಗೆ ಶಾಶ್ವತ ಅರ್ಥ ಅಂಟಿಸಿಟ್ಟಿಲ್ಲ. ಸಿಂಹ ಸೈತಾನನಿಗೂ ಹೋಲಿಕೆ (1 ಪೇತ್ರ 5:8), ಕ್ರಿಸ್ತನಿಗೂ ಹೋಲಿಕೆ (ಪ್ರಕಟನೆ 5:5). ಆದ್ದರಿಂದ "ಹುಳಿ ಎಂದರೆ ಪಾಪ, ಎಣ್ಣೆ ಎಂದರೆ ಆತ್ಮ" ಎಂಬ ಪಟ್ಟಿಗಳನ್ನು ಬಾಯಿಪಾಠ ಮಾಡಿಕೊಂಡು ಎಲ್ಲ ಕಡೆ ಹಚ್ಚುವುದು ಅಪಾಯ. ಆ ವಚನದಲ್ಲಿ ಆ ವಸ್ತು ಯಾವ ಕೆಲಸ ಮಾಡುತ್ತಿದೆ ಎಂದೇ ಪ್ರತಿ ಸಲ ಕೇಳಬೇಕು.

ಮಣ್ಣಿನ ವಿಷಯ ಹುಳಿಗಿಂತ ಗಂಭೀರ. ಯೆರೆಮೀಯ 18ರಲ್ಲಿ ಕುಂಬಾರನ ಕೈಯಲ್ಲಿದ್ದ ಪಾತ್ರೆ ಕೆಡುತ್ತದೆ, ಅವನು ಅದೇ ಮಣ್ಣಿನಿಂದ ಮತ್ತೊಂದು ಮಾಡುತ್ತಾನೆ. ಇದು ಎಲ್ಲರಿಗೂ ಪ್ರಿಯವಾದ ಭಾಗ. ಚಕ್ರದ ಮೇಲೆ ಪಾತ್ರೆ ಕೆಡಲು ಕಾರಣ ಹಲವು: ಮುದ್ದೆ ಚಕ್ರದ ನಡುಮಧ್ಯಕ್ಕೆ ಕೂತಿಲ್ಲದಿರಬಹುದು, ಒಳಗೆ ಗಾಳಿಗುಳ್ಳೆ ಅಥವಾ ಹರಳು ಇರಬಹುದು, ನೀರು ಹೆಚ್ಚಾಗಿ ಗೋಡೆ ಕುಸಿದಿರಬಹುದು. ಕುಂಬಾರನು ಅದನ್ನು ಎತ್ತಿ, ಹಿಚುಕಿ, ಮಿದಿದು, ಗುಳ್ಳೆ ಹರಳು ತೆಗೆದು ಮತ್ತೆ ಚಕ್ರಕ್ಕೆ ಬಡಿಯುತ್ತಾನೆ. ಪೂರ್ತಿ ಒಣಗಿ ಬೆಳ್ಳಗಾದ ಹಸಿಪಾತ್ರೆಯನ್ನೂ ಉಳಿಸಿಕೊಳ್ಳಬಹುದು. ಬಕೆಟ್ ನೀರಿಗೆ ಹಾಕಿದರೆ ಅದು ಸುಯ್ಯೆಂದು ಗುಳ್ಳೆ ಬಿಡುತ್ತಾ ಅಂಚಿನಿಂದ ಕಳಚಿಕೊಂಡು ಕೆಸರಾಗುತ್ತದೆ. ವಿಚಿತ್ರವೆಂದರೆ ಅರ್ಧ ಒಣಗಿದ್ದು ಅಷ್ಟು ಸುಲಭವಾಗಿ ಕರಗುವುದಿಲ್ಲ, ಗಂಟುಗಂಟಾಗಿ ಉಳಿಯುತ್ತದೆ. ಇಲ್ಲಿ ತಣ್ಣಗೂ ಇಲ್ಲದ ಬಿಸಿಯೂ ಇಲ್ಲದ ಲವೊದಿಕೀಯದ ಸಭೆ (ಪ್ರಕಟನೆ 3:15) ನೆನಪಾಗುವುದು ಸಹಜ. ಆದರೆ ಆ ವಚನದ ಹೋಲಿಕೆ ಮಣ್ಣಿನದಲ್ಲ. ಹೊಂದುತ್ತದೆಂಬ ಒಂದೇ ಕಾರಣಕ್ಕೆ ಎರಡನ್ನು ಹೊಲಿಯಬಾರದು, ಇಂಥದ್ದನ್ನು ಕೈಬಿಡುವುದೂ ಧ್ಯಾನದ ಭಾಗವೇ.

ಒಂದು ಗೆರೆ ದಾಟಿದ ಮೇಲೆ ಮಾತ್ರ ಹಿಂದಕ್ಕೆ ದಾರಿಯಿಲ್ಲ. ಸುಡುವಾಗ ಸುಮಾರು 500ರಿಂದ 600 ಡಿಗ್ರಿಯ ಹೊತ್ತಿಗೆ ಮಣ್ಣಿನ ಕಣಗಳೊಳಗೇ ಬೆಸೆದುಕೊಂಡಿದ್ದ ನೀರು ಹೊರಟುಹೋಗುತ್ತದೆ. ಆಮೇಲೆ ಅದನ್ನು ವರ್ಷಗಟ್ಟಲೆ ನೀರಲ್ಲಿಟ್ಟರೂ ಮಿದಿಯುವ ಮಣ್ಣಾಗುವುದಿಲ್ಲ. ಯೆರೆಮೀಯ 19ರಲ್ಲಿ ಪ್ರವಾದಿ ಕೊಂಡದ್ದು ಇಂಥ ಸುಟ್ಟ ಕೂಜೆಯನ್ನು. ಬೆನ್‌ಹಿನ್ನೋಮ್ ಕಣಿವೆಯಲ್ಲಿ ಹಿರಿಯರ ಕಣ್ಣೆದುರು ಅದನ್ನು ಒಡೆದು, ಇದನ್ನು ಮತ್ತೆ ಸರಿಪಡಿಸಲಾಗದು ಎನ್ನುತ್ತಾನೆ (19:10-11). ಎರಡು ಅಧ್ಯಾಯಗಳೂ ಕುಂಬಾರನವೇ, ಆದರೆ ಒಂದರಲ್ಲಿ ಮಣ್ಣು ಹಸಿ, ಇನ್ನೊಂದರಲ್ಲಿ ಸುಟ್ಟದ್ದು. ಇವೆರಡರ ನಡುವೆ ಜನರ ಉತ್ತರ ಇದೆ: ಪ್ರಯೋಜನವಿಲ್ಲ, ನಾವು ನಮ್ಮ ಆಲೋಚನೆಯಂತೆಯೇ ನಡೆಯುತ್ತೇವೆ (18:12). 18ನ್ನು ಮಾತ್ರ ಓದಿ ಮುಚ್ಚಿಟ್ಟರೆ "ದೇವರು ಹೇಗಿದ್ದರೂ ಸರಿಮಾಡುತ್ತಾನೆ" ಎಂಬ ಸಮಾಧಾನ ಸಿಗುತ್ತದೆ. 19ರವರೆಗೆ ಓದಿದರೆ 12ನೇ ವಚನ ಎದೆಗೆ ನಾಟುತ್ತದೆ.

ಇದನ್ನು ಹಿಡಿದು ಯಾರನ್ನೂ "ನೀನು ಸುಟ್ಟ ಮಡಕೆ, ನಿನಗಿನ್ನು ದಾರಿಯಿಲ್ಲ" ಎನ್ನಬೇಡಿ. ಅಲ್ಲಿ ಮಾತು ಒಂದು ಜನಾಂಗದ ಬಗ್ಗೆ, ಅದು 18:7-10ರಲ್ಲಿ ಸ್ಪಷ್ಟವಾಗಿದೆ. ನಮ್ಮ ಪಾಲಿಗೆ ಬರುವುದು ಹಸಿಯಾಗಿರುವಾಗಲೇ ತಿದ್ದಿಸಿಕೊಳ್ಳುವ ಕರೆ. ಇಬ್ರಿಯ 3:13ರಲ್ಲಿ "ಈ ಹೊತ್ತು" ಎಂಬ ಮಾತಿಗೆ ಕೊಟ್ಟಿರುವ ತೂಕ ನೋಡಿ. ಬೆಳಿಗ್ಗೆ ಹೆಂಡತಿಗೆ ಒರಟಾಗಿ ಮಾತಾಡಿದ್ದರೆ ಸಂಜೆಯೊಳಗೆ ಕ್ಷಮೆ ಕೇಳುವುದು ಸುಲಭ, ಮಣ್ಣಿನ್ನೂ ಮೆತ್ತಗಿರುತ್ತದೆ. ಮೂರು ದಿನ ಬಿಟ್ಟರೆ ಅದೇ ಮಾತಿಗೆ ಸಮರ್ಥನೆಗಳು ಹುಟ್ಟಿಕೊಂಡಿರುತ್ತವೆ.

ಬಿತ್ತುವವನ ಸಾಮ್ಯದಲ್ಲೂ ಹೀಗೆ ಕಣ್ಣು ತಪ್ಪುವ ಒಂದು ಮಾತಿದೆ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಬಿದ್ದ ಬೀಜ ಬೇಗ ಮೊಳೆಯಿತು, ಮಣ್ಣು ಆಳವಿಲ್ಲದ್ದರಿಂದಲೇ ಬೇಗ ಮೊಳೆಯಿತು ಎಂದು ಮಾರ್ಕ 4:5 ಕಾರಣವನ್ನೇ ಕೊಡುತ್ತದೆ. ತೆಳು ಮಣ್ಣು ಬಿಸಿಲಿಗೆ ಬೇಗ ಕಾಯುತ್ತದೆ, ಬೀಜ ಬೇಗ ಒಡೆಯುತ್ತದೆ, ಆದರೆ ಬೇರಿಗೆ ಇಳಿಯಲು ಜಾಗವಿಲ್ಲ. ಹೊಸ ವಿಶ್ವಾಸಿಯ ವೇಗ ಕಂಡು ಎರಡೇ ತಿಂಗಳಲ್ಲಿ ವೇದಿಕೆ ಹತ್ತಿಸುವ ಸಭೆಗಳು ಈ ವಚನವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ದ್ರಾಕ್ಷಿಯದೂ ಅದೇ ಬಗೆ. ಹಣ್ಣು ಬಿಡುವುದು ಕಳೆದ ವರ್ಷದ ಕಡ್ಡಿಯ ಮೊಗ್ಗಿನಿಂದ ಒಡೆದ ಈ ವರ್ಷದ ಚಿಗುರಿನಲ್ಲಿ. ಹೀಗಾಗಿ ಬಲ್ಲವರು ಸವರುವಾಗ ಕಳೆದ ವರ್ಷದ ಬೆಳವಣಿಗೆಯ ಮುಕ್ಕಾಲಿಗೂ ಹೆಚ್ಚು ಭಾಗವನ್ನು ಕತ್ತರಿಸಿಹಾಕುತ್ತಾರೆ. ಬಿಟ್ಟರೆ ಎಲೆ ದಟ್ಟವಾಗಿ, ಗೊಂಚಲು ಸಣ್ಣಗಾಗಿ, ಗಾಳಿಯಾಡದೆ ಬೂಸ್ಟು ಹಿಡಿಯುತ್ತದೆ. ಯೋಹಾನ 15:2ರಲ್ಲಿ ಕತ್ತರಿ ಬೀಳುವುದು ಫಲ ಕೊಡುವ ಕೊಂಬೆಗೇ ಎಂಬುದನ್ನು ಕಷ್ಟದಲ್ಲಿರುವ ಒಳ್ಳೆಯವರಿಗೆ ನೆನಪಿಸಬಹುದು. ಆದರೆ ಮೆಲ್ಲಗೆ, ಅವರ ಪಕ್ಕದಲ್ಲಿ ಕೂತು.

ಇಷ್ಟು ಹೊತ್ತು ಹೇಳಿದ್ದು ವಸ್ತುಗಳ ಮಾತು. ಘಟನೆಗಳಿಂದ ಪಾಠ ತೆಗೆಯುವಾಗ ಇನ್ನೂ ಎಚ್ಚರ ಬೇಕು. "ಬಸ್ಸು ತಪ್ಪಿತು, ಅದು ಅಪಘಾತಕ್ಕೀಡಾಯಿತು, ದೇವರು ನನ್ನನ್ನು ಉಳಿಸಿದ" ಎಂದು ಸಾಕ್ಷಿ ಹೇಳುವಾಗ, ಆ ಬಸ್ಸಿನಲ್ಲಿದ್ದವರ ಮನೆಯವರೂ ಕೇಳಿಸಿಕೊಳ್ಳುತ್ತಿರಬಹುದು. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತಾಗ ಯೇಸು ಸ್ವಾಮಿ ಸತ್ತವರ ಪಾಪವನ್ನು ಅಳೆಯಲು ಒಪ್ಪಲಿಲ್ಲ, ಕೇಳುತ್ತಿದ್ದವರನ್ನೇ ಪಶ್ಚಾತ್ತಾಪಕ್ಕೆ ಕರೆದನು (ಲೂಕ 13:4-5). ಕೃತಜ್ಞತೆ ಹೇಳಿ, ಕಾರಣ ಹೇಳಬೇಡಿ.

ವಚನವನ್ನು ಸಂದರ್ಭದಿಂದ ಕಿತ್ತು ತೆಗೆಯುವುದು ಇನ್ನೊಂದು ಎಡವು. ಯೆರೆಮೀಯ 29:11 ಶುಭಾಶಯ ಪತ್ರಗಳಲ್ಲಿ ಬರುವಷ್ಟು ಬೇರೆ ವಚನ ಬರುವುದಿಲ್ಲವೇನೋ. ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷ ಎಂದಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಮನೆ ಕಟ್ಟಿ, ತೋಟ ಮಾಡಿ, ಸೆರೆಹೋದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಹೇಳಿದ ಮೇಲೆ ಬರುವ ನಿರೀಕ್ಷೆ. ಫಿಲಿಪ್ಪಿ 4:13ನ್ನು ಪರೀಕ್ಷೆಗೆ ಹೋಗುವ ಮಕ್ಕಳ ಕೈಗೆ ಕೊಡುವ ಮುಂಚೆ 12ನ್ನೂ ಓದಿಸಿ. ಪೌಲನಿಗೆ ಬಲ ಸಿಕ್ಕಿದ್ದು ಹಸಿದಿರುವುದಕ್ಕೂ ತೃಪ್ತನಾಗಿರುವುದಕ್ಕೂ.

ರೂಢಿ ಮಾಡಿಕೊಳ್ಳಲು ದೊಡ್ಡ ಏರ್ಪಾಡೇನೂ ಬೇಡ. ಒಂದು ನೋಟ್‌ಬುಕ್, ವಾರಕ್ಕೆ ಒಂದೇ ವಸ್ತು, ದಿನಕ್ಕೆ ಹದಿನೈದು ನಿಮಿಷ. ದಿನಕ್ಕೊಂದು ವಸ್ತು ಎಂದುಕೊಂಡವರು ಹತ್ತನೇ ದಿನಕ್ಕೆ ಸೋತು ಮೇಣದಬತ್ತಿಯ ಮಾತಿಗೇ ವಾಪಸಾಗುತ್ತಾರೆ. ಮೊದಲ ಎರಡು ದಿನ ವಚನ ತೆರೆಯಬೇಡಿ. ವಸ್ತುವನ್ನು ಬಳಸಿ, ಅದು ಕೆಡುವುದನ್ನು ನೋಡಿ, ಆ ಕೆಲಸ ಮಾಡುವವರನ್ನು ಕೇಳಿ, ಕಂಡದ್ದನ್ನು ಮಾತ್ರ ಬರೆಯಿರಿ. "ಹಾಗೆಯೇ ನಾವೂ" ಎಂಬ ಪದಗಳಿಗೆ ಆ ಪುಟದಲ್ಲಿ ಜಾಗವಿಲ್ಲ. ಮೂರನೇ ದಿನ ಪದಸೂಚಿಯಲ್ಲಿ ಆ ವಸ್ತು ಬರುವ ವಚನಗಳನ್ನು ಹುಡುಕಿ ಒಂದನ್ನು ಆರಿಸಿ, ಅದರ ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಸೇರಿಸಿ ಓದಿ. ಯಾರು ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು ಎಂದು ಒಂದು ಸಾಲು ಬರೆಯಿರಿ. ಆಮೇಲೆ ಪಾಠ, ಒಂದೇ ವಾಕ್ಯದಲ್ಲಿ. ಅದರಲ್ಲಿ "ಅವರು" ಎಂಬ ಪದ ಬಂದರೆ ಹೊಡೆದುಹಾಕಿ. ಪಕ್ಕದ ಸಾಲಿನಲ್ಲಿ ಕೂತವರಿಗೆ ಚೆನ್ನಾಗಿ ಹೊಂದುವ ಪಾಠ ನಮಗೆ ಯಾವಾಗಲೂ ಬೇಗ ಹೊಳೆಯುತ್ತದೆ. ಕೊನೆಗೆ, ಆ ವಾರದೊಳಗೆ ಮಾಡಿ ಮುಗಿಸಬಹುದಾದ ಒಂದು ಕೆಲಸ, ದಿನ ಮತ್ತು ಹೊತ್ತಿನ ಸಮೇತ.

ಬತ್ತಿಯ ಪುಟ ಹೀಗಿರಬಹುದು. ಎಣ್ಣೆ ಇರುವವರೆಗೆ ಉರಿಯುವುದು ಎಣ್ಣೆ. ಬತ್ತಿ ಅದನ್ನು ಮೇಲಕ್ಕೆ ಎಳೆದುಕೊಡುತ್ತದೆ, ತಾನು ತುದಿಯಲ್ಲಷ್ಟೇ ಕರಕಲಾಗುತ್ತದೆ. ಎಣ್ಣೆ ಇಳಿದಾಗ ಬತ್ತಿಯೇ ಉರಿಯತೊಡಗುತ್ತದೆ: ಜ್ವಾಲೆ ಕುಗ್ಗುತ್ತದೆ, ತುದಿ ಕೆಂಪಾಗುತ್ತದೆ, ಕಣ್ಣಿಗೆ ಚುಚ್ಚುವ ಹೊಗೆ ಏಳುತ್ತದೆ. ಎಣ್ಣೆ ತುಂಬಿದ್ದೂ ಹೊಗೆ ಬಂದರೆ ತುದಿಯಲ್ಲಿ ಕರಿ ಗಟ್ಟಿಕೊಂಡಿದೆ ಎಂದರ್ಥ. ಕರಿಯನ್ನು ಚಿವುಟಿ, ಬತ್ತಿಯನ್ನು ಒಂದು ಎಳೆಯಷ್ಟು ಮೇಲೆತ್ತಿದರೆ ಜ್ವಾಲೆ ಮತ್ತೆ ನಿಲ್ಲುತ್ತದೆ. ಊದಿ ಆರಿಸುವುದು ಎಲ್ಲಕ್ಕಿಂತ ಸುಲಭ. ವಚನ: ಯೆಶಾಯ 42:3, ಆರಿಹೋಗುತ್ತಿರುವ ದೀಪವನ್ನು ನಂದಿಸದ ಸೇವಕ, ಇಬ್ರಿಯ ಮೂಲದಲ್ಲಿ ಅದು ಅಗಸೆನಾರಿನ ಬತ್ತಿ. ಜೊತೆಗೆ ವಿಮೋಚನಕಾಂಡ 30:7, ಆರೋನನು ದೀಪಗಳನ್ನು ಪ್ರತಿದಿನ ಬೆಳಿಗ್ಗೆ ಸರಿಮಾಡಬೇಕು; ಮತ್ತು 25:38, ಅದಕ್ಕೆ ಬೇಕಾದ ಇಕ್ಕಳ, ತಟ್ಟೆಗಳು ಅಪ್ಪಟ ಚಿನ್ನದವು. ಸಂದರ್ಭ: ಸೋತ ಜನಕ್ಕೆ ಹೇಳಿದ ಸಾಂತ್ವನದ ಮಾತು. ಪಾಠ: ನಾನು ಹೊಗೆಯಾಡುತ್ತಿದ್ದೇನೆ, ಕರ್ತನು ಊದುತ್ತಿಲ್ಲ, ಚಿವುಟುತ್ತಿದ್ದಾನೆ. ಮಾಡಬೇಕಾದದ್ದು: ಸಭೆಯಲ್ಲಿ ಹೊತ್ತಿರುವ ಮೂರು ಜವಾಬ್ದಾರಿಗಳಲ್ಲಿ ಒಂದನ್ನು ಬುಧವಾರ ಸಂಜೆ ಏಳರೊಳಗೆ ಸಭಾಪಾಲಕರಿಗೆ ಫೋನ್ ಮಾಡಿ ಬಿಟ್ಟುಕೊಡುವುದು, ಗುರುವಾರ ಬೆಳಿಗ್ಗೆ ಅದರಿಂದ ಉಳಿದ ಅರ್ಧ ಗಂಟೆ ಕೀರ್ತನೆ ಓದುವುದು.